ಮಲಗಿದ ಕಲ್ಲುಗಳು

ಬಿಯೆಲ್, ಸ್ವಿಟ್ಜರ್ಲೆಂಡ್
17 ಸೆಪ್ಟೆಂಬರ್ 1978

ಪ್ರೀತಿಯ ಎಲಾದಿಯೊ ಮಾವ,

ಹದಿನೆಂಟು ವರ್ಷಗಳಲ್ಲಿ ನಾನು ನಿಮಗೆ ಕಳಿಸಿದ್ದೆಲ್ಲ ಕ್ರಿಸ್‌ಮಸ್ ಕಾರ್ಡುಗಳೇ. ಇದು ಮೊದಲ ಕಾಗದ, ಅದರಲ್ಲೂ ಒಂದು ಕೆಲಸ ಹೇಳುವ ಕಾಗದ. ಬೈದುಕೊಳ್ಳಬೇಡಿ.

ಬರುವ ಏಪ್ರಿಲ್‌ನಲ್ಲಿ ಗಡಿಯಾರ ಕಾರ್ಖಾನೆಯ ಕೆಲಸ ಬಿಟ್ಟು ಗ್ರಾನಾಡಾಕ್ಕೆ ಬರಬೇಕೆಂದಿದ್ದೇನೆ. ರಜೆಗಲ್ಲ, ಇರುವುದಕ್ಕೆ. ಅಲ್ಲಿಯ ಅಲ್ಬೈಸಿನ್ ಕೇರಿಯಲ್ಲಿ ಅಮ್ಮ ಬಿಟ್ಟುಹೋದ ಎರಡು ಕೋಣೆಗಳ ಬೀಗದಕೈ ನನ್ನ ಹತ್ತಿರವೇ ಇದೆ.

ಆದರೆ ನನಗೆ ನಾನೇ ಒಂದು ಷರತ್ತು ಹಾಕಿಕೊಂಡಿದ್ದೇನೆ. ಪ್ಲಾಸಾ ಲಾರ್ಗಾದ ತರಕಾರಿ ಸಂತೆಯಿಂದ ನಮ್ಮ ಬಾಗಿಲವರೆಗೆ, ಯಾರ ಕೈಯನ್ನೂ ಹಿಡಿಯದೆ, ಯಾರನ್ನೂ ದಾರಿ ಕೇಳದೆ, ಒಬ್ಬಳೇ ನಡೆದು ಹೋಗಬೇಕು. ಹೋದೆನೋ, ಅಲ್ಲೇ ಉಳಿಯುತ್ತೇನೆ. ಆಗಲಿಲ್ಲವೋ, ಮರುದಿನವೇ ರೈಲು ಹತ್ತಿ ಇಲ್ಲಿಗೆ ವಾಪಸು. ಇಲ್ಲಿ ನನಗೊಂದು ಜಾಗ ಗೊತ್ತುಮಾಡಿದ್ದಾರೆ. ಏಪ್ರಿಲ್ ಮುಗಿಯುವುದರೊಳಗೆ ಅವರಿಗೆ ಹೌದು ಅಥವಾ ಇಲ್ಲ ಅನ್ನಬೇಕು. ಯಾಕೆ ಹೀಗೆ ಎಂದು ಈಗ ಕೇಳಬೇಡಿ.

ಆ ಓಣಿಗಳ ನೆಲಕ್ಕೆ ಕಲ್ಲು ಹಾಸಿದವರು ನೀವು. ಆದ್ದರಿಂದ ದಾರಿಯನ್ನು ನನಗೆ ಬರೆದು ಕಳಿಸಿ. ಎದುರು ಗುಡ್ಡದ ಅಲ್ಹಾಂಬ್ರಾ ಅರಮನೆ ಹೇಗೆ ಕಾಣುತ್ತದೆ, ಹಿಮದ ಬೆಟ್ಟ ಸಂಜೆ ಯಾವ ಬಣ್ಣಕ್ಕೆ ತಿರುಗುತ್ತದೆ, ಅದೊಂದೂ ಬೇಡ. ಕಾಲ ಕೆಳಗೆ ಏನಿದೆ ಅಷ್ಟೇ ಸಾಕು. ಎಲ್ಲಿ ಮೆಟ್ಟಿಲು, ಎಷ್ಟು. ಎಲ್ಲಿ ಇಳಿಜಾರು. ಎಲ್ಲಿ ನೀರಿನ ಸದ್ದು, ಎಲ್ಲಿ ಯಾವ ವಾಸನೆ. ದಿನಾ ನಡೆಯುವ ನಿಮಗೆ ಇದೇನೂ ಕಷ್ಟವಾಗದು.

ರೆಮೆದಿಯೊಸ್ ಅತ್ತೆಗೆ ಎರಡು ಕೆನ್ನೆಗೂ ಮುತ್ತು.

ನಿಮ್ಮ ಸೋದರ ಸೊಸೆ,
ನಿಯೆವೆಸ್


ಅಲ್ಬೈಸಿನ್, ಗ್ರಾನಾಡಾ
3 ಅಕ್ಟೋಬರ್ 1978

ನಿಯೆವೆಸ್ ಮಗಳೇ,

ಅಂಚೆಯವನು ಓಣಿಯ ಆ ತುದಿಯಿಂದಲೇ "ಮೇಸ್ತ್ರಿಗಳೇ, ಹೊರದೇಶದ ಕಾಗದ!" ಎಂದು ಕೂಗಿಕೊಂಡು ಬಂದ. ಹದಿನಾಲ್ಕು ಕಿಟಕಿ ತೆರೆದವು. ನಾನು ಎಣಿಸಿದೆ. ಒಳ್ಳೆಯದೇ ಆಯಿತು.

ಮೊದಲು ನಿನ್ನ ಮೇಲೊಂದು ದೂರು. ಅಕ್ಷರಗಳನ್ನು ಒಂದೊಂದು ಕೋಳಿಮೊಟ್ಟೆಯಷ್ಟು ದಪ್ಪ ಬರೆದಿದ್ದೀಯಲ್ಲ, ಮಾವ ಹಳ್ಳಿಯ ಪಾದ್ರಿಯ ಹತ್ತಿರ ಮೂರೇ ವರ್ಷ ಓದಿದವನು ಅಂತ ತಾನೇ? ಮೂರು ವರ್ಷಕ್ಕೆ ಪಾದ್ರಿಯ ಸರಕು ಖಾಲಿಯಾಯಿತು, ಅದಕ್ಕೇ ಬಿಟ್ಟೆ. ಸಣ್ಣಕ್ಷರದಲ್ಲಿ ಬರಿ, ಓದುತ್ತೇನೆ.

ಇನ್ನು ದಾರಿ. ಮೀನಿನ ಹತ್ತಿರ ಹೋಗಿ ಹೊಳೆ ಎಲ್ಲಿದೆ ಅಂತ ಕೇಳಿದ ಹಾಗಾಯಿತು ನಿನ್ನ ಪ್ರಶ್ನೆ. ನೀನು ಯಾಕೆ ಕೇಳುತ್ತೀ ಅನ್ನುವುದೂ ನನಗೆ ಗೊತ್ತಾಗಿದೆ: ಪ್ರವಾಸಿಗಳಿಗೆ ಒಂದು ಪುಸ್ತಕ ಬರೆಯಲು ಹೊರಟಿದ್ದೀ. ಬರಿ. ನನ್ನ ಹೆಸರು ಮಾತ್ರ ಮೊದಲ ಪುಟದಲ್ಲಿರಲಿ. ಅಲ್ಲಿ ಬೇಕಾದರೆ ಕೋಳಿಮೊಟ್ಟೆ ಅಕ್ಷರ ಹಾಕು.

ನಿನ್ನೆ ತಾನೇ ಇಡೀ ದಾರಿ ನಡೆದು ಬಂದೆ. ಸಂತೆಗೆ ಬೆನ್ನು ಹಾಕಿದರೆ ಎದುರಿಗೆ ತೂಕದ ಬಟ್ಟುಗಳ ಕಮಾನು. ಮೋಸದ ವ್ಯಾಪಾರಿಗಳಿಂದ ಕಿತ್ತುಕೊಂಡ ಬಟ್ಟುಗಳನ್ನು ಹಿಂದಿನವರು ಅದರ ಗೋಡೆಗೆ ನೇತುಹಾಕಿದ್ದು ಇನ್ನೂ ಹಾಗೇ ಇದೆ. ಕಮಾನಿನೊಳಗೆ, ಹಿಂದೆ ಇಲ್ಲಿ ಆಳಿದ ಮೂರ್ ಅರಬರು ಹಾದಿಯನ್ನು ಮೊಣಕೈ ಹಾಗೆ ಬಾಗಿಸಿದ್ದಾರೆ, ಶತ್ರು ಕುದುರೆ ಓಡಿಸಿಕೊಂಡು ಬಂದರೆ ಗೋಡೆಗೆ ಮೂಗು ಜಜ್ಜಿಕೊಳ್ಳಲಿ ಅಂತ. ನಿನ್ನ ಮೂಗು ಜೋಪಾನ. ದಾಟಿದರೆ ಅವರದೇ ಕಾಲದ ನೀರಿನ ತೊಟ್ಟಿ, ತೊಟ್ಟಿಯ ಪಕ್ಕ ದೊಡ್ಡ ಅಂಜೂರದ ಮರ. ನಿನ್ನೆ ಅದರ ನೆರಳಲ್ಲಿ ಕೂತು ಒಂದು ಸಿಗರೇಟು ಸೇದಿದೆ.

ಈ ದಾರಿಯನ್ನು ನಾನು ಹೇಗೆ ಬಲ್ಲೆ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ನಿನ್ನ ಪುಸ್ತಕಕ್ಕೆ ಇದನ್ನೂ ಬರೆದುಕೋ. 1949ರ ಮೇ ತಿಂಗಳು. ನಾನೂ ಫ್ರಾಸ್ಕಿತೊನೂ ಈ ದಾರಿಗೆ ಕಲ್ಲು ಹಾಸಿ ಆಗಷ್ಟೇ ಮುಗಿಸಿದ್ದೆವು. ಹೋಟೆಲಿನಲ್ಲಿ ಅವನಿಗೂ ನನಗೂ ಯಾರು ದೊಡ್ಡ ಕೆಲಸಗಾರ ಅಂತ ಮಾತು ಬಂತು. "ಹಾಸಿದ ಓಣೀಲಿ ಕಣ್ಣು ಕಟ್ಕೊಂಡೂ ನಡೀತೀನಿ ಕಣೋ," ಅಂದೆ. "ಬರೀ ಕೈಲಿ ಯಾವನ್ ಬೇಕಾದ್ರೂ ನಡೀತಾನೆ," ಅಂದ ಅವನು. ಸರಿ, ಕಣ್ಣಿಗೆ ರೆಮೆದಿಯೊಸ್‌ಳ ಕರಿ ಶಾಲು ಕಟ್ಟಿದರು; ಎರಡೂ ಕೈಗೆ ಅಂಚಿನವರೆಗೆ ತುಂಬಿದ ಬಸವನಹುಳುವಿನ ಬಿಸಿ ಸಾರಿನ ಬಟ್ಟಲು ಕೊಟ್ಟರು. ಸಂತೆಯಿಂದ ನಿನ್ನಮ್ಮನ ಬಾಗಿಲವರೆಗೆ! ಒಂದು ತೊಟ್ಟು ಚೆಲ್ಲಲಿಲ್ಲ. ಸೋತವನು ಗೆದ್ದವನನ್ನು ಬದುಕಿರುವವರೆಗೂ ಹತ್ತು ಜನರ ಮುಂದೆ ಮೇಸ್ತ್ರಿ ಅನ್ನಬೇಕು ಅಂತ ಪಂದ್ಯ. ಅಂದಿನಿಂದ ಫ್ರಾಸ್ಕಿತೊ ಅನ್ನುತ್ತಿದ್ದಾನೆ, ಅವನನ್ನು ಕೇಳಿ ಇಡೀ ಅಲ್ಬೈಸಿನ್ ಅನ್ನುತ್ತದೆ.

ರೆಮೆದಿಯೊಸ್ ಹಿಂದಿನಿಂದ ಇಣುಕಿ ನೋಡಿ, "ಮೆಟ್ಟಿಲೆಷ್ಟು ಅಂತ ಹುಡುಗಿ ಕೇಳಿದ್ರೆ ಇವ್ರು ಸಾರಿನ ಕಥೆ ಹೇಳ್ತಾರೆ," ಎನ್ನುತ್ತಾಳೆ. ಹೆಂಗಸರಿಗೆ ಇತಿಹಾಸ ರುಚಿಸುವುದಿಲ್ಲ.

ಅಲ್ಬೈಸಿನ್‌ನ ಕಲ್ಲುಗಳೆಲ್ಲ ಕೈಮುಗಿಯುವ ಮೇಸ್ತ್ರಿ,
ನಿನ್ನ ಮಾವ ಎಲಾದಿಯೊ


ಬಿಯೆಲ್
29 ಅಕ್ಟೋಬರ್ 1978

ಪ್ರೀತಿಯ ಮಾವ,

ನಿಮ್ಮ ಕಾಗದ ಓದಿ ನಕ್ಕೆ. ಬಹಳ ದಿನಗಳ ಮೇಲೆ ನಕ್ಕದ್ದು.

ಸಾರಿನ ಕಥೆ ನನಗೆ ಗೊತ್ತು. ಆ ದಿನ ಬಾಗಿಲಲ್ಲಿ ಅಮ್ಮನ ಲಂಗ ಹಿಡಿದು ನಿಂತಿದ್ದೆ, ಹನ್ನೊಂದು ವರ್ಷ. ಕಣ್ಣಿಗೆ ಕರಿ ಬಟ್ಟೆ ಕಟ್ಟಿಕೊಂಡ ಮನುಷ್ಯ ನೇರವಾಗಿ ನಮ್ಮ ಹೊಸ್ತಿಲಿಗೆ ಬಂದು ನಿಂತ. ಆ ಬಟ್ಟಲಿನ ಮೊದಲ ಗುಟುಕು ಕುಡಿದದ್ದು ನಾನು. ನೆನಪಿದೆಯೇ? ನಾನು ಅದನ್ನು ಒಂದು ದಿನವೂ ಮರೆತಿಲ್ಲ.

ಆದರೆ ಈಗ ಲೆಕ್ಕ ಬೇಕು. ಕಮಾನಿನಿಂದ ತೊಟ್ಟಿಗೆ ಎಷ್ಟು ಹೆಜ್ಜೆ? ಅಂಜೂರದ ಮರ ಯಾವ ಕೈಗೆ? ಅದನ್ನು ದಾಟಿದ ಮೇಲೆ ನೆಲ ಏರುತ್ತದೋ ಇಳಿಯುತ್ತದೋ? ನೆನಪಿನಿಂದ ಬರೆಯಬೇಡಿ, ನಡೆದು ನೋಡಿ ಬರೆಯಿರಿ. ಇದೊಂದು ಬೇಡಿಕೆ.

ಸಣ್ಣಕ್ಷರದಲ್ಲಿ ಬರೆಯಲು ಪ್ರಯತ್ನಿಸಿದೆ. ಸಾಲು ಸಾಲಿನ ಮೇಲೆ ಹತ್ತಿದ್ದರೆ ಕ್ಷಮಿಸಿ.

ನಿಯೆವೆಸ್


ಅಲ್ಬೈಸಿನ್
20 ನವೆಂಬರ್ 1978

ಮಗಳೇ,

ಸಾಲು ಹತ್ತಿದ್ದಷ್ಟೇ ಅಲ್ಲ, ಮೇಕೆಗಳು ಗುಡ್ಡದಿಂದ ಇಳಿದ ಹಾಗೆ ಇಳಿದಿವೆ ನಿನ್ನ ಸಾಲುಗಳು. ಸ್ವಿಸ್ ಜನ ಗಡಿಯಾರ ಮಾಡಲಿ, ಪೆನ್ನು ಮಾಡುವುದು ಬೇಡ.

ನಡೆದು ನೋಡಿ ಬರೆಯಿರಿ ಅನ್ನುತ್ತೀ! ನಾನು ನಡೆಯದ ದಿನ ಅಲ್ಬೈಸಿನ್‌ಗೆ ಬೆಳಕೇ ಹರಿಯುವುದಿಲ್ಲ. ಇವತ್ತೂ ನಡೆದೆ. ಬರೆದುಕೋ.

ಕಮಾನು ದಾಟಿ ಅರವತ್ತೆರಡು ಹೆಜ್ಜೆಗೆ ತೊಟ್ಟಿ. ತೊಟ್ಟಿಯ ಬಾಯಿಂದ ತಂಪು ಗಾಳಿ ಬರುತ್ತದೆ, ಕೆನ್ನೆಗೆ ಗೊತ್ತಾಗುತ್ತದೆ. ಅಂಜೂರದ ಮರ ಬಲಗೈಗೆ. ಕಾಂಡದ ಮೇಲೆ ಅಂಗೈ ಇಟ್ಟು, ಮರಕ್ಕೆ ಬೆನ್ನು ಕೊಟ್ಟು, ನೆಟ್ಟಗೆ ನಡಿ. ಅಲ್ಲಿ ನೆಲ ಸಮ, ಮೆಟ್ಟಿಲಿಲ್ಲ, ಕಣ್ಣು ಮುಚ್ಚಿ ಓಡಬಹುದು. ನೂರಾ ಹತ್ತು ಹೆಜ್ಜೆಗೆ ಮಿಠಾಯಿ ಮಾಡಿ ಮಾರುವ ಸನ್ಯಾಸಿನಿಯರ ಮಠ; ಬಾದಾಮಿ ಸಕ್ಕರೆ ಹುರಿಯುವ ವಾಸನೆ ಬಂದರೆ ಮಠ, ಬರದಿದ್ದರೆ ಅವತ್ತು ಉಪವಾಸ. ಅಲ್ಲಿಂದ ಇಳಿಜಾರು. ಆಮೇಲೆ ಸಾನ್ ಮಿಗೆಲ್ ಚೌಕ, ಚೌಕದ ಕೊನೆಗೆ ನಿಮ್ಮ ಓಣಿಯ ಬಾಯಿ, ಓಣಿಯಲ್ಲಿ ಇಪ್ಪತ್ತೆಂಟು ಹೆಜ್ಜೆಗೆ ನಿಮ್ಮ ಬಾಗಿಲು. ಅಲ್ಲಿಂದ ಇನ್ನೂ ನಲವತ್ತು ಹೆಜ್ಜೆ ಹಾಕಿದರೆ ಮಾವನ ಮನೆ, ಅಲ್ಲಿ ವೈನ್ ಇರುತ್ತದೆ.

ಹಗ್ಗದ ಅಟ್ಟೆಯ ಚಪ್ಪಲಿ ಹಾಕಿಕೊಂಡು ಬಾ. ಚರ್ಮದ ಅಟ್ಟೆ ಕಿವುಡು, ಅದಕ್ಕೆ ನೆಲದ ಮಾತು ಕೇಳಿಸುವುದಿಲ್ಲ. ನಮ್ಮ ಕೆಲಸದಲ್ಲಿ ಒಂದೇ ನಿಯಮ: ಕಲ್ಲು ನಿಲ್ಲಬೇಕು, ಮಲಗಬಾರದು. ಹೊಳೆಯ ಉರುಟುಗಲ್ಲನ್ನು ಚೂಪು ಕೆಳಗೆ ಮಾಡಿ, ಒಂದಕ್ಕೊಂದು ಒತ್ತಿ, ನೆಟ್ಟಗೆ ನೆಡಬೇಕು. ಮಲಗಿಸಿದರೆ ಅರ್ಧ ಕಲ್ಲಿನಲ್ಲಿ ಕೆಲಸ ಮುಗಿಯುತ್ತದೆ, ಮಾನವೂ ಮುಗಿಯುತ್ತದೆ. ಅದಕ್ಕೇ ಅಲ್ಬೈಸಿನ್‌ನ ನೆಲ ಪಾದಕ್ಕೆ ಚುಚ್ಚುತ್ತದೆ. ಚುಚ್ಚಿದರೆ ಮನೆಗೆ ಬಂದೆ ಅಂತ ಅರ್ಥ.

ಈಗ ಫ್ರಾಸ್ಕಿತೊ ಕಿಟಕಿಯ ಕೆಳಗೆ ಹೋದ. "ಹೆಂಗಿದ್ದೀರಿ ಮೇಸ್ತ್ರಿಗಳೇ?" "ನಿನಗಿಂತ ಚೆನ್ನಾಗಿದೀನಿ ಕಣೋ." "ಅದೇನು ದೊಡ್ಡ ವಿಷ್ಯ ಬಿಡಿ." ಹೀಗೆ ದಿನ ಹೋಗುತ್ತಿದೆ.

ಮೇಸ್ತ್ರಿ ಎಲಾದಿಯೊ


ಬಿಯೆಲ್
14 ಜನವರಿ 1979

ಮಾವ,

ನನ್ನ ಜೊತೆ ಕೆಲಸ ಮಾಡುವ ತ್ರಿನಿ ಗೊತ್ತಲ್ಲ, ಪ್ಲಾಸಾ ಲಾರ್ಗಾದ ಮೀನಂಗಡಿಯವರ ಮಗಳು. ಕ್ರಿಸ್‌ಮಸ್‌ಗೆ ಊರಿಗೆ ಬಂದಿದ್ದಳು. ನಿಮ್ಮ ಕಾಗದ ಅವಳ ಕೈಗೆ ಕೊಟ್ಟು, "ಇದನ್ನು ಓದಿಕೊಂಡು ಒಂದು ಸಲ ನಡೆದು ಬಾ," ಎಂದಿದ್ದೆ.

ಅಂಜೂರದ ಮರ ಇಲ್ಲವಂತೆ ಮಾವ. ಬೇರು ತೊಟ್ಟಿಯ ಗೋಡೆ ಸೀಳುತ್ತದೆ ಎಂದು ವರ್ಷದ ಹಿಂದೆಯೇ ಕಡಿದರಂತೆ. ನೀವು ನೆರಳಲ್ಲಿ ಕೂತು ಸಿಗರೇಟು ಸೇದಿದ ಜಾಗದಿಂದ ಮೂರು ಸಿಮೆಂಟಿನ ಮೆಟ್ಟಿಲು ಕೆಳಗಿಳಿಯುತ್ತವಂತೆ. ಕಣ್ಣು ಮುಚ್ಚಿ ಓಡಬಹುದು ಎಂದು ನೀವು ಬರೆದದ್ದು ಅಲ್ಲೇ.

ತ್ರಿನಿ ನಿಮ್ಮ ಮನೆಗೂ ಬಂದಿದ್ದಳು. ನೀವು ಮಹಡಿಯ ಕಿಟಕಿಯಲ್ಲಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಿರಿ. ನೀವು ಹೊಸ್ತಿಲು ದಾಟಿ ಒಂದೂವರೆ ವರ್ಷವಾಯಿತೆಂದು ಅತ್ತೆ ಬಾಗಿಲಲ್ಲಿ ಪಿಸುಗುಟ್ಟಿದರಂತೆ.

ನಾನೂ ಒಂದು ಸಂಗತಿ ಮುಚ್ಚಿಟ್ಟಿದ್ದೆ. ನನ್ನ ಕಣ್ಣು ಹೋಗುತ್ತಿದೆ. ಅಂಚುಗಳಿಂದ ಒಳಕ್ಕೆ ಕತ್ತಲೆ ಬರುತ್ತಿದೆ. ಈಗ ಬೀಗದ ತೂತಿನಲ್ಲಿ ನೋಡಿದಷ್ಟು ಉಳಿದಿದೆ. ಬೇಸಿಗೆಗೆ ಅದೂ ಇರಲಾರದು ಎಂದಿದ್ದಾರೆ ಡಾಕ್ಟರು. ಅದಕ್ಕೇ ಅಕ್ಷರ ದಪ್ಪವಾದದ್ದು, ಸಾಲು ಇಳಿದದ್ದು. ಇಲ್ಲಿ ಗೊತ್ತುಮಾಡಿರುವ ಜಾಗ ಕುರುಡರ ಆಶ್ರಮ. ಒಳ್ಳೆಯ ಜನ. ಅಲ್ಲಿ ಎಲ್ಲ ಕಡೆ ಕೈಹಿಡಿ ಕಂಬಿ ಇದೆ, ಯಾರೂ ಎಡವುವುದಿಲ್ಲ.

ಡಾಕ್ಟರು ಹೇಳಿದ ದಿನ ನನಗೆ ನೆನಪಾದದ್ದು ಒಂದೇ: ಕಣ್ಣು ಕಟ್ಟಿಕೊಂಡು, ಬಿಸಿ ಸಾರು ಹಿಡಿದು, ಒಂದು ತೊಟ್ಟೂ ಚೆಲ್ಲದೆ ನಮ್ಮ ಬಾಗಿಲಿಗೆ ಬಂದ ಮನುಷ್ಯ. ಒಬ್ಬರಿಗೆ ಸಾಧ್ಯವಾದರೆ ನನಗೂ ಆಗುತ್ತದೆ ಎಂದುಕೊಂಡೆ. ಎರಡು ವರ್ಷದಿಂದ ಅದನ್ನೇ ನಂಬಿಕೊಂಡು ಬದುಕಿದ್ದೇನೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಕಾಲಿನ ಬಗ್ಗೆ ನೀವು ಯಾಕೆ ಹೇಳಲಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗಬೇಕು? ಆದರೆ ಇನ್ನು ದಾರಿ ಬರೆಯಬೇಡಿ. ಏಪ್ರಿಲ್‌ಗೆ ನಾನು ಬರುವುದಿಲ್ಲ.

ನಿಯೆವೆಸ್


ಅಲ್ಬೈಸಿನ್
19 ಫೆಬ್ರವರಿ 1979

ನಿಯೆವೆಸ್,

ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು. ಇದನ್ನು ತ್ರಿನಿಯ ಕೈಲಿ ಗಟ್ಟಿಯಾಗಿ ಓದಿಸು. ನನಗೆ ಅವಮಾನವಾಗಬೇಕಾದ್ದು ಸರಿಯಾಗಿಯೇ ಆಗಲಿ.

ಕಾಲಿನ ವಿಷಯ ನಿಜ. ನಲವತ್ತು ವರ್ಷ ಮಂಡಿಯೂರಿ ಕೂತ ಸೊಂಟ, ಒಂದು ದಿನ ಮೆಟ್ಟಿಲಿಳಿಯುವಾಗ ಕೈಕೊಟ್ಟಿತು. ಉರುಳಿದೆ. ಕೆಳಗೆ ನಾಲ್ಕು ಜನ ಓಡಿ ಬಂದು ಎತ್ತಿದರು, ಮೂಟೆ ಎತ್ತಿದ ಹಾಗೆ. ಮೇಸ್ತ್ರಿಯನ್ನು! ಅಂದೇ ಇಳಿಯುವುದು ಬಿಟ್ಟೆ. ನಿನ್ನ ಮೊದಲ ಕಾಗದ ಬಂದಾಗ, ಯಾರೋ ಒಬ್ಬರು ನಾನು ದಿನಾ ನಡೆಯುತ್ತೇನೆಂದು ನಂಬಿದ್ದಾರಲ್ಲ ಅಂತ ಹಿಗ್ಗಿದೆ. ಬರೆಯುತ್ತ ಬರೆಯುತ್ತ ನಿಜವಾಗಿಯೂ ನಡೆದೆ ಮಗಳೇ. ಮರ ಅಲ್ಲೇ ಇತ್ತು.

ಈಗ ದೊಡ್ಡ ಸುಳ್ಳು. ಇದು ನಿನ್ನತ್ತೆಗೂ ಗೊತ್ತಿರಲಿಲ್ಲ.

ಪಂದ್ಯ ನಾನು ಗೆದ್ದದ್ದು ಮೋಸದಿಂದ. ಕಲ್ಲು ಹಾಸುವಾಗಲೇ ಯೋಚನೆ ಹೂಡಿದ್ದೆ. ಪ್ರತಿ ತಿರುವಿಗೂ, ನಡು ದಾರಿಯಲ್ಲಿ, ಬ್ರೆಡ್ಡಿನಷ್ಟು ಗಾತ್ರದ ಒಂದೊಂದು ಕಲ್ಲನ್ನು ಮಲಗಿಸಿದೆ. ಸುತ್ತ ಎಲ್ಲ ನಿಂತ ಕಲ್ಲು, ಪಾದಕ್ಕೆ ಚುಚ್ಚುತ್ತವೆ. ಇದ್ದಕ್ಕಿದ್ದಂತೆ ಒಂದು ನುಣ್ಣಗೆ ಸಿಕ್ಕಿತೋ, ತಿರುಗು. ಹಗ್ಗದ ಅಟ್ಟೆಯಲ್ಲಿ ಕುರುಡನಿಗೂ ಗೊತ್ತಾಗುತ್ತದೆ. (ಈ ಮಾತು ಹೊಡೆದು ಹಾಕಬೇಕೆಂದಿದ್ದೆ, ಬಿಟ್ಟಿದ್ದೇನೆ.) ಒಟ್ಟು ಏಳು. ಏಳನೆಯದು ನಿಮ್ಮ ಹೊಸ್ತಿಲ ಮುಂದೆ. ಕಣ್ಣಿಲ್ಲದೆ ನಡೆಯುವ ಮಾಯೆ ನನ್ನಲ್ಲಿರಲಿಲ್ಲ, ನೆಲದಲ್ಲಿತ್ತು. ಆ ಕಮಾನಿನ ಗೋಡೆಯ ಮೇಲೆ ಮೋಸದ ಬಟ್ಟುಗಳ ಪಕ್ಕ ನನ್ನ ಏಳು ಕಲ್ಲುಗಳನ್ನೂ ನೇತುಹಾಕಬೇಕು.

ಆದರೆ ಆ ಕಲ್ಲುಗಳು ಇನ್ನೂ ಇದ್ದರೆ ನೀನು ನಡೆಯಬಹುದಲ್ಲ? ಇವೆಯೋ ಇಲ್ಲವೋ ನೋಡುವುದಕ್ಕೆ ನನಗೆ ಕಾಲಿಲ್ಲ. ಕಲ್ಲನ್ನು ಪಾದದಲ್ಲಿ ಓದಬಲ್ಲವನು ಈ ಊರಿನಲ್ಲಿ ಇನ್ನೊಬ್ಬನೇ ಉಳಿದಿದ್ದಾನೆ. ಅವನನ್ನು ಕರೆಸಿದೆ.

"ಫ್ರಾಸ್ಕಿತೊ, ಕೂತ್ಕೋ."

"ನಿಂತೇ ಇರ್ತೀನಿ ಮೇಸ್ತ್ರಿಗಳೇ. ನಮ್ಮ ಕೆಲಸದಲ್ಲಿ ಎಲ್ಲಾ ನಿಂತೇ ಇರ್ಬೇಕಲ್ಲ."

"ಎಲ್ಲಾ ನಿಂತಿಲ್ಲ ಕಣೋ. ಏಳು ಮಲಗಿವೆ."

ಎಲ್ಲವನ್ನೂ ಹೇಳಿದೆ. ರೆಮೆದಿಯೊಸ್ ಕಡಲೆ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. ಫ್ರಾಸ್ಕಿತೊ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಆಮೇಲೆ ಕೇಳಿದ:

"ಸಾರು ಬಿಸಿ ಇತ್ತಾ?"

"ಏನು?"

"ಅವತ್ತಿನ ಸಾರು. ಬಿಸಿ ಇತ್ತಾ, ಇಲ್ಲ ಅದೂ ತಣ್ಣಗಿತ್ತಾ?"

"ಬಿಸಿನೇ ಇತ್ತು. ಹೆಬ್ಬೆರಳು ಬೊಬ್ಬೆ ಬಂದಿತ್ತು."

"ಹಂ. ಅಷ್ಟಾದ್ರೂ ನಿಜ," ಎಂದು ಟೋಪಿ ಹಾಕಿಕೊಂಡು ಹೊರಟುಹೋದ. ಬಾಗಿಲನ್ನು ಬಡಿಯಲಿಲ್ಲ. ಬಡಿದಿದ್ದರೆ ಚೆನ್ನಾಗಿತ್ತು.

ಒಂಬತ್ತು ದಿನ ಅವನ ಸುಳಿವಿಲ್ಲ. ಕಿಟಕಿಯ ಕೆಳಗೆ "ಹೆಂಗಿದ್ದೀರಿ" ಎನ್ನುವವರಿಲ್ಲ. ಸಂತ ಸೆಸಿಲಿಯೊ ಹಬ್ಬದ ದಿನ ಸಂಜೆ ಬಾಗಿಲು ತಟ್ಟಿದ ಸದ್ದು. ಕಂಕುಳಲ್ಲಿ ಹಬ್ಬದ ಉಪ್ಪುರೊಟ್ಟಿ, ಹಣೆಯ ಮೇಲೆ ಒಂದು ಬುಗುಟು.

"ಐದು ಇವೆ," ಅಂದ. "ಎರಡು ಹೋಗಿವೆ. ಮರ ಇದ್ದ ಕಡೆ ಒಂದು, ಹುಡುಗಿ ಓಣಿ ಬಾಯಲ್ಲಿ ಒಂದು."

"ಹಣೆಗೇನಾಯ್ತೋ?"

"ಕಣ್ಣು ಮುಚ್ಕೊಂಡು ನಡೀಬೇಕಲ್ಲ, ಇಲ್ದಿದ್ರೆ ಪರೀಕ್ಷೆ ಏನು ಬಂತು? ಮಠದ ಬಾಗಿಲಿಗೆ ಹೊಡ್ಕೊಂಡೆ. ಒಳಗಿಂದ ಸನ್ಯಾಸಿನಿಯಮ್ಮ, 'ಎಷ್ಟು ಡಜನ್ ಬೇಕಪ್ಪಾ?' ಅಂದ್ಳು."

ನಿನ್ನತ್ತೆ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಾನು ನಗಲಿಲ್ಲ. ನನಗೆ ಆ ಹಕ್ಕಿರಲಿಲ್ಲ.

"ಫ್ರಾಸ್ಕಿತೊ, ಆ ಎರಡನ್ನ ಮತ್ತೆ ಹಾಕ್ತೀಯಾ?"

"ಮಲಗಿಸಿ?"

"ಮಲಗಿಸಿ."

"ನಲವತ್ತು ವರ್ಷದಲ್ಲಿ ನಾನು ಒಂದು ಕಲ್ಲನ್ನೂ ಮಲಗಿಸಿಲ್ಲ. ಈ ವಯಸ್ಸಲ್ಲಿ ನಿನ್ನಿಂದ ಮಾನ ಕಳ್ಕೋಬೇಕಾ?" ನೋಡು, ಮೂವತ್ತು ವರ್ಷದ ಮೇಲೆ ಮೊದಲ ಸಲ ನನಗೆ 'ನೀನು' ಅಂದ. "ಹಾಕ್ತೀನಿ. ಆದ್ರೆ ಒಂದು ಷರತ್ತು. ಮೂವತ್ತು ವರ್ಷ ನಾನು ನಿನ್ನನ್ನ ಮೇಸ್ತ್ರಿ ಅಂದೆ. ಇನ್ನು ಮೂವತ್ತು ವರ್ಷ ನೀನು ನನ್ನನ್ನ ಅನ್ನು."

"ನಂಗೆ ಅರವತ್ತೆಂಟು ಕಣೋ! ಮೂವತ್ತು ವರ್ಷ ಅಂದ್ರೆ ತೊಂಬತ್ತೆಂಟು."

"ಹಂಗಾದ್ರೆ ಅಲ್ಲೀವರೆಗೂ ಬದುಕು. ಸಾಲ ಇಟ್ಕೊಂಡು ಸಾಯ್ಬೇಡ."

ಮಗಳೇ, ಏನು ಕಾಣುತ್ತದೆ ಎಂದು ಇನ್ನು ನಾನು ಒಂದಕ್ಷರ ಬರೆಯುವುದಿಲ್ಲ. ಹೆಜ್ಜೆಗಳ ಲೆಕ್ಕವನ್ನು ಫ್ರಾಸ್ಕಿತೊ ಎಣಿಸಿ ಹೇಳಿದ, ಬೇರೆ ಹಾಳೆಯಲ್ಲಿದೆ. ಅದರಲ್ಲಿ ನನ್ನದೊಂದು ಅಂಕಿಯೂ ಇಲ್ಲ, ಆದ್ದರಿಂದ ನಂಬಬಹುದು. ನೀನು ಹೌದು ಎಂದರೆ ಕಲ್ಲು ಹಾಕಿಸುತ್ತೇನೆ. ಬೇಡ ಎಂದರೂ ಹಾಕಿಸುತ್ತೇನೆ.

ನಿನ್ನ ಮಾವ
ಎಲಾದಿಯೊ


ಬಿಯೆಲ್
20 ಮಾರ್ಚ್ 1979

ಪ್ರೀತಿಯ ಮಾವ,

ಇದು ತ್ರಿನಿಯ ಕೈಬರಹ, ಮಾತು ನನ್ನದು. ನಿಮ್ಮ ಕಾಗದವನ್ನು ಅವಳು ಮೂರು ಸಲ ಓದಿದಳು. ಮೊದಲ ಸಲ ನನಗೆ ಅಳು ಬಂತು: ನಾನು ನಂಬಿದ್ದ ಮನುಷ್ಯ ಇರಲೇ ಇಲ್ಲವಲ್ಲ ಎಂದು. ಎರಡನೆಯ ಸಲ ಸನ್ಯಾಸಿನಿಯ ಹತ್ತಿರ ಬಂದಾಗ ತ್ರಿನಿಗೆ ನಗು ತಡೆಯಲಾಗದೆ ಓದು ನಿಂತಿತು. ಮೂರನೆಯ ಸಲ ಸುಮ್ಮನೆ ಕೇಳಿದೆ. ನನಗೆ ಬೇಕಾಗಿದ್ದು ಮಾಯೆ ಬಲ್ಲ ಮನುಷ್ಯ ಅಲ್ಲ, ಕಾಲಿಗೆ ಸಿಗುವ ಕಲ್ಲು ಎಂದು ಆಗ ಹೊಳೆಯಿತು.

ಕಲ್ಲು ಹಾಕಿಸಿ. ಏಪ್ರಿಲ್ 28, ಶನಿವಾರ ಬೆಳಿಗ್ಗೆ ಬರುತ್ತೇನೆ. ತ್ರಿನಿಯ ಅಪ್ಪ ನಿಲ್ದಾಣದಿಂದ ಸಂತೆಯವರೆಗೆ ಕರೆತಂದು ಬಿಡುತ್ತಾರೆ. ಅಲ್ಲಿಂದ ಒಬ್ಬಳೇ. ಯಾರೂ ಹಿಂದೆ ಬರಬಾರದು, ಮರೆಯಲ್ಲೂ ನಿಲ್ಲಬಾರದು. ಫ್ರಾಸ್ಕಿತೊ ಅವರಿಗೆ ಹೇಳಿ.

ಕುರುಡರ ಆಶ್ರಮದವರು ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದಾರೆ.

ನಿಯೆವೆಸ್


ಅಲ್ಬೈಸಿನ್
10 ಏಪ್ರಿಲ್ 1979

ನಿಯೆವೆಸ್ ಮಗಳೇ,

ಎರಡೂ ಕಲ್ಲು ಹಾಕಿ ಆಯಿತು. ಮೂರನೆಯದು ಸಿಮೆಂಟಿನ ಮೆಟ್ಟಿಲಿಗೆ ಸರಿಯಾಗಿ ಒಂದು ಹೆಜ್ಜೆ ಮೊದಲು; ಅದು ಸಿಕ್ಕಿದರೆ ನಿಂತು, ಮೂರು ಇಳಿ. ಆರನೆಯದು ನಿಮ್ಮ ಓಣಿಯ ಬಾಯಲ್ಲಿ. ಹಾಕುವಾಗ ದಾರಿಹೋಕನೊಬ್ಬ, "ಅಜ್ಜಾ, ಇದೊಂದು ಸೊಟ್ಟ ಬಿತ್ತಲ್ಲ," ಎಂದನಂತೆ. ಫ್ರಾಸ್ಕಿತೊ ಮುಖ ಕೆಂಪಗೆ ಮಾಡಿಕೊಂಡು, "ಅದು ಹಂಗೇ ಇರ್ಬೇಕು, ಹೋಗಯ್ಯಾ," ಎಂದನಂತೆ. ಈ ಒಂದು ಮಾತಿಗೆ ಅವನಿಗೆ ಸ್ವರ್ಗ ಸಿಗಬೇಕು.

ಈಗ ದಿನಾ ಮೇಸ್ತ್ರಿ ಎನ್ನುತ್ತಿದ್ದೇನೆ. ಮೊದಮೊದಲು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಗುತ್ತಿತ್ತು. ಅವನೋ, ಕಿವಿ ಕೇಳಿಸದವನ ಹಾಗೆ, "ಏನಂದೆ? ಇನ್ನೊಂದ್ಸಲ?" ಎನ್ನುತ್ತಾನೆ.

ಅಷ್ಟಕ್ಕೂ ಅವನ ಹೊಟ್ಟೆ ತಣ್ಣಗಾಗಿಲ್ಲ. ಮೂರು ದಿನದಿಂದ ನಾನು ಊಟ ಮಾಡಿ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ನನ್ನ ಬಾಗಿಲ ಮುಂದೆ ಟಕ ಟಕ ಸುತ್ತಿಗೆ. ಕಿಟಕಿಯಿಂದ ಕೂಗಿದರೆ, ಚರಂಡಿ ರಿಪೇರಿ ಎನ್ನುತ್ತಾನೆ. ಕಿಟಕಿಯಿಂದ ಬಾಗಿಲ ಬುಡ ಕಾಣುವುದಿಲ್ಲ. ನನ್ನ ನಿದ್ದೆ ಕೆಡಿಸುವುದಕ್ಕೇ ಮಾಡುತ್ತಿದ್ದಾನೆ. ಮಾಡಲಿ, ಸಹಿಸುತ್ತೇನೆ.

ಇಪ್ಪತ್ತೆಂಟರಂದು ಯಾರೂ ಹಿಂದೆ ಬರುವುದಿಲ್ಲ. ನಾನಂತೂ ಬರಲಾರೆ. ಕಿಟಕಿ ತೆರೆದು ಕೂತಿರುತ್ತೇನೆ. ನಿಮ್ಮ ಬಾಗಿಲಿನ ಹಳೆಯ ಅಗುಳಿ ಕಿರುಗುಟ್ಟಿದರೆ ಇಲ್ಲಿಗೆ ಕೇಳುತ್ತದೆ.

ನಿನ್ನ ಮಾವ ಎಲಾದಿಯೊ


ಅಲ್ಬೈಸಿನ್, ಅಮ್ಮನ ಮನೆ
29 ಏಪ್ರಿಲ್ 1979, ಭಾನುವಾರ

ಪ್ರೀತಿಯ ಮಾವ,

ಕಾಗದದ ಮೇಲೆ ಅಡ್ಡಪಟ್ಟಿ ಇಟ್ಟು ನಾನೇ ಬರೆಯುತ್ತಿದ್ದೇನೆ. ಅಕ್ಷರ ಕೋಳಿಮೊಟ್ಟೆಯೋ ಹಂಸದ ಮೊಟ್ಟೆಯೋ ನನಗೆ ಕಾಣುವುದಿಲ್ಲ. ಫ್ರಾಸ್ಕಿತೊ ಮಾವ ತಂದು ಕೊಡುತ್ತಾರೆ. ನಲವತ್ತು ಹೆಜ್ಜೆ ದೂರಕ್ಕೆ ಯಾಕೆ ಕಾಗದ ಎಂದು ಕೊನೆಗೆ ಗೊತ್ತಾಗುತ್ತದೆ.

ಅಗುಳಿಯ ಸದ್ದು ನಿಮಗೆ ಕೇಳಿಸಿತು. ನಿಮ್ಮ ಕೂಗೂ ನನಗೆ ಕೇಳಿಸಿತು, ಬಹುಶಃ ಅಲ್ಹಾಂಬ್ರಾದವರೆಗೂ ಕೇಳಿಸಿರಬೇಕು. ನಿನ್ನೆ ಯಾರ ಜೊತೆಗೂ ಮಾತು ಬೇಡವಾಗಿತ್ತು. ಬಾಗಿಲು ಹಾಕಿಕೊಂಡು ಅಮ್ಮನ ಕುರ್ಚಿಯಲ್ಲಿ ಕೂತೇ ಇದ್ದೆ.

ದಾರಿ ಸುಲಭವಿರಲಿಲ್ಲ. ಕಮಾನಿನೊಳಗೆ ಮೂಗು ಜಜ್ಜಿಕೊಳ್ಳಲಿಲ್ಲ, ಮೊಣಕೈ ತರಚಿತು. ಮರವಿಲ್ಲದ ಜಾಗದಲ್ಲಿ ನುಣ್ಣನೆಯ ಕಲ್ಲು ಸಿಕ್ಕಿ, ನಿಂತು, ಮೂರು ಇಳಿದೆ. ಮಠದ ಹತ್ತಿರ ಬಾದಾಮಿ ಸಕ್ಕರೆಯ ವಾಸನೆ ಬಂತು. ಆರನೆಯದು ತಪ್ಪಿತು. ಚೌಕದ ಕೊನೆಯಲ್ಲಿ ಎದುರಿಗೆ ಗೋಡೆ, ಬಲಕ್ಕೂ ಗೋಡೆ. ಯಾರೋ ಹೆಂಗಸು, "ಎಲ್ಲಿಗಮ್ಮಾ?" ಎಂದಳು. ಒಂದು ಮಾತು ಹೇಳಿದ್ದರೆ ಕೈಹಿಡಿದು ಬಿಡುತ್ತಿದ್ದಳು. "ಇಲ್ಲೇ," ಎಂದೆ. ಅವಳು ಹೋದಳು. ರೈಲು ನೆನಪಾಯಿತು. ಮತ್ತೆ ಹಿಂದಕ್ಕೆ ಹೆಜ್ಜೆ ಇಟ್ಟು ಇಟ್ಟು ಪಾದದಲ್ಲಿ ನೆಲ ತಡವಿದೆ. ಚುಚ್ಚಿತು, ಚುಚ್ಚಿತು, ಚುಚ್ಚಿತು; ಆಮೇಲೆ ಚುಚ್ಚಲಿಲ್ಲ.

ನಾಳೆ ಅಂಚೆ ಕಚೇರಿ ತೆರೆದ ಕೂಡಲೇ ಬಿಯೆಲ್‌ಗೆ 'ಇಲ್ಲ' ಎಂದು ತಂತಿ ಕಳಿಸುತ್ತೇನೆ.

ಈಗ ಮುಖ್ಯ ವಿಷಯ. ಇವತ್ತು ಬೆಳಿಗ್ಗೆ ನಿಮ್ಮನ್ನು ನೋಡೋಣವೆಂದು ಹೊರಟೆ. ನಲವತ್ತನೆಯ ಹೆಜ್ಜೆಗೆ ಪಾದಕ್ಕೆ ಒಂದು ನುಣ್ಣನೆಯ ಕಲ್ಲು ಸಿಕ್ಕಿತು. ಎಂಟನೆಯದು. ನೀವು ಏಳು ಎಂದಿದ್ದಿರಿ. ಮೇಲೆ ನೀವು ಕಡಲೆಗೆ ಉಪ್ಪು ಸಾಲದೆಂದು ಅತ್ತೆಯನ್ನು ಬೈಯುತ್ತಿದ್ದಿರಿ. ನಾನು ಬಾಗಿಲು ತಟ್ಟದೆ ಹಿಂದಿರುಗಿ, ಈ ಸಲ ದಾರಿ ಕೇಳಿಕೊಂಡೇ, ಫ್ರಾಸ್ಕಿತೊ ಮಾವನ ಮನೆಗೆ ಹೋದೆ.

"ನನ್ನ ಗುರುತಿಗೆ ಅಂತ ಹಾಕಿದ್ರಾ?" ಎಂದು ಕೇಳಿದೆ.

"ನಿಂಗಲ್ಲಮ್ಮಾ," ಎಂದರು. "ನಿಂಗೆ ಆ ಬಾಯಿಬಡುಕನ ದನಿನೇ ಗುರುತು ಸಾಕು. ಅದು ಅವನಿಗೆ. ಒಳಗೆ ಹೋಗೋಕಲ್ಲ, ಹೊರಗೆ ಬರೋಕೆ. ಹೊಸ್ತಿಲು ದಾಟಿದ್ರೆ ಮೊದಲ್ನೇ ಹೆಜ್ಜೆಗೇ ಚುಚ್ಚಬಾರ್ದಲ್ಲ."

ಮಾವ, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನಾನು ಆ ಕಲ್ಲಿನ ಪಕ್ಕ ನಿಂತಿರುತ್ತೇನೆ. ಕಲ್ಲಿನ ಮೇಲಲ್ಲ, ಪಕ್ಕ. ಅದನ್ನು ನಿಮಗೆ ಬಿಟ್ಟಿರುತ್ತೇನೆ. ನಾನು ಕೈ ಚಾಚುವುದಿಲ್ಲ.

ನಿಯೆವೆಸ್


ಅಲ್ಬೈಸಿನ್
30 ಏಪ್ರಿಲ್ 1979, ಮಧ್ಯಾಹ್ನ

ನಿಯೆವೆಸ್ ಮಗಳೇ,

ಇವತ್ತು ನೀನೇ ಅಲ್ಲಿದ್ದೆ, ನಿನಗೆ ಬರೆದು ತಿಳಿಸಬೇಕಾದ್ದೇನೂ ಇಲ್ಲ. ಆದರೆ ಫ್ರಾಸ್ಕಿತೊ ಹೋಟೆಲಿನಲ್ಲಿ ಕೂತು ಬೇರೆಯದೇ ಕಥೆ ಹೇಳುತ್ತಿದ್ದಾನಂತೆ. ಆದ್ದರಿಂದ ನಡೆದದ್ದು ಕಾಗದದ ಮೇಲೆ ಇರಲಿ. ನಿನ್ನತ್ತೆ ಬಂದು ಓದಿ ಹೇಳುತ್ತಾಳೆ.

ಹನ್ನೊಂದು ಮೆಟ್ಟಿಲು ಇಳಿಯಲು ಅರ್ಧ ಗಂಟೆಯಾಯಿತು ಎನ್ನುವುದು ಸುಳ್ಳು. ಇಪ್ಪತ್ತೈದು ನಿಮಿಷ. ನಾನು ಕಣ್ಣೀರು ಹಾಕಿದೆ ಎನ್ನುವುದೂ ಸುಳ್ಳು. ಕಲ್ಲು ಒದ್ದೆಯಾಗಿತ್ತು, ನಿಜ. ರೆಮೆದಿಯೊಸ್ ಬೆಳಿಗ್ಗೆ ಜೆರೇನಿಯಂ ಕುಂಡಕ್ಕೆ ನೀರು ಹಾಕಿದ್ದಳು. ನೀನು ಕೈ ಚಾಚಲಿಲ್ಲ, ನಾನೂ ಚಾಚಲಿಲ್ಲ. ನಾವಿಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಿಸಿಲಲ್ಲಿ, ಗಸ್ತಿನ ಪೊಲೀಸರ ಹಾಗೆ ನಿಂತಿದ್ದೆವು. ಹದಿನಾಲ್ಕು ಕಿಟಕಿ ತೆರೆದಿದ್ದವು. ಈ ಸಲ ನಾನು ಎಣಿಸಲಿಲ್ಲ, ಫ್ರಾಸ್ಕಿತೊ ಎಣಿಸಿದ್ದು.

ಅವನು ಇವತ್ತು ನಿಮ್ಮ ಕಡೆ ಬಂದರೆ ನನ್ನದೊಂದು ಮಾತು ಹೇಳು: ಮೇಸ್ತ್ರಿಗಳೇ, ನಿಮ್ಮ ಕಲ್ಲು ಸರಿಯಾಗಿ ಮಲಗಿಲ್ಲ, ಎಡಕ್ಕೆ ಒಂದು ಕೂದಲೆಳೆಯಷ್ಟು ಎತ್ತರ ಬಂದಿದೆ. ಮೇಲಿನಿಂದ ಹೇಳಿದರೆ ನೀವು ಒಪ್ಪುವವರಲ್ಲ. ನಾಳೆ ಹನ್ನೊಂದಕ್ಕೆ ನಾನು ಕೆಳಗೆ ಬಂದು, ಕಲ್ಲಿನ ಮೇಲೆ ನಿಂತು, ತೋರಿಸಿಕೊಡುತ್ತೇನೆ. ನಾಳೆ ಒಪ್ಪದಿದ್ದರೆ, ನಾಡಿದ್ದೂ ಬರುತ್ತೇನೆ.

ನಿನ್ನ ಮಾವ
ಎಲಾದಿಯೊ